ಬೇಟೆಯ ಸುಖವು ಲಿಂಗಾರ್ಪಿತವಾದೀತೇ?

ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿರುವ ಮೂರು ಮಹಾವೃಕ್ಷಗಳು ಬಹುಕಾಲದಿಂದ ಪ್ರಸಿದ್ಧವಾಗಿವೆ. ಹತ್ತಿಮತ್ತೂರು ಮೊದಲಾದ ಸುತ್ತಣ ಗ್ರಾಮಗಳ ಸದ್ಭಕ್ತರು ತಲೆಮಾರುಗಳಿಂದ ಅವುಗಳ ನೆರಳಿನಲ್ಲಿ ಕುಳಿತು ಎದ್ದು ಹೋಗಿದ್ದಾರೆ. ಹೆಸರಿಗೆ ದೊಡ್ಡ ಹುಣಸೆಯಾದರೂ ಅವು ನಮ್ಮ ಹೊಲದ ಬದುವಿನ ಹುಣಸೆಯ ಜಾತಿಗೆ ಸೇರಿದವುಗಳಲ್ಲ. ಆಫ್ರಿಕಾ ಖಂಡದ ಒಣಬಯಲುಗಳಲ್ಲಿ ಸಹಜವಾಗಿ ಬೆಳೆಯುವ ಬಾವೊಬಾಬ್ ಎಂಬ ಮರಗಳವು. ಅಲ್ಲಿ ಯಾವ ಮರದ ಅಡಿಯಲ್ಲಿ ಆನೆ ಸಿಂಹಗಳು ಬಿಸಿಲನ್ನು ಕಳೆಯುವುವೋ ಅದೇ ಮರದ ಅಡಿಯಲ್ಲಿ ಇಲ್ಲಿ ಜಂಗಮರು ವಿಭೂತಿಯನ್ನು ಧರಿಸಿ ಕುಳಿತಿದ್ದಾರೆ. ಭೂಮಿಯ ಒಂದು ತುದಿಯ ಜೀವವು ಇನ್ನೊಂದು ತುದಿಯಲ್ಲಿ ಮಠದ ಬಂಧುವಾಗಿ ನಿಂತ ಈ ಸೋಜಿಗವನ್ನು ಕಂಡಾಗಲೆಲ್ಲ, ಆ ದೂರದ ಬಯಲಿನಲ್ಲಿ ನಡೆಯುವ ಬೇಟೆಯ ವಿಚಾರವು ನಮಗೆ ಸಂಬಂಧಿಸದ ವಿಚಾರವೆಂದು ತಳ್ಳಿಹಾಕಲು ಮನಸ್ಸೊಪ್ಪುವುದಿಲ್ಲ.

ಆ ಬೇಟೆಯ ಪ್ರಯಾಣಕ್ಕೆ ‘ಸಫಾರಿ’ ಎಂದು ಹೆಸರು. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಇದಕ್ಕೆ ಪ್ರಯಾಣವೆಂದಷ್ಟೇ ಅರ್ಥ. ಮೂಲವು ಅರಬ್ಬಿಯ ‘ಸಫರ್’. ನವಾಬರ ಆಳಿಕೆಯನ್ನು ಕಂಡ ಸವಣೂರು ಸೀಮೆಯವರಿಗೆ ‘ಮುಸಾಫಿರ’ ಎಂಬ ಮಾತು ಹೊಸದಲ್ಲವಷ್ಟೆ. ಅದೂ ಇದೇ ಬೇರಿನದು. ಪಯಣಿಗನೆಂಬ ಇಷ್ಟು ಸೌಮ್ಯವಾದ ಶಬ್ದವು ಕಾಲಕ್ರಮದಲ್ಲಿ, ಹಣವಂತನು ದೂರದೇಶಕ್ಕೆ ಹೋಗಿ ವಿನೋದಕ್ಕಾಗಿ ದೊಡ್ಡ ಮೃಗಗಳನ್ನು ಕೊಲ್ಲುವ ಯಾತ್ರೆಯೆಂಬ ಅರ್ಥವನ್ನು ತಾಳಿತು.

ನಮ್ಮ ಭಾಗದ ಮಠವೊಂದರ ಅನುಭಾವಗೋಷ್ಠಿಯಲ್ಲಿ ಜೀವದಯೆಯ ಮೇಲೆ ಉಪದೇಶವು ಮುಗಿದ ಬಳಿಕ, ವೃದ್ಧ ಒಕ್ಕಲಿಗ ಭಕ್ತರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯು ಈ ಲೇಖನಕ್ಕೆ ಕಾರಣವಾಯಿತು. “ಅಜ್ಜಾರ, ನನ್ನ ಗೋವಿನಜೋಳ ಮೇಯ್ದ ಚಿಗರೀನ ನಾ ಹೊಡದರ ನನಗ ಜೇಲು. ಆಫ್ರಿಕಾದಾಗ ರೊಕ್ಕಾ ಕೊಟ್ಟಾಂವ ಸಿಂಹಾ ಹೊಡದು, ಅದರ ಬಾಜೂಕ ಕುಂತು ಫೋಟೋ ತಗಸ್ಕೋತಾನ, ಅವಗ ಪರವಾನಿಗಿ. ಇದರಾಗ ಧರ್ಮ ಯಾವುದ್ರಿ?” ಸಭೆಯು ನಕ್ಕಿತು, ಸ್ವಾಮಿಗಳು ನಗಲಿಲ್ಲ. ಸಮಯಾಭಾವದಿಂದ ಅಂದು ಉತ್ತರವು ಸಂಕ್ಷೇಪದಲ್ಲಿಯೇ ಮುಗಿಯಿತು. ಆದರೆ ಆ ಪ್ರಶ್ನೆಯು ಸಂಕ್ಷೇಪದಲ್ಲಿ ಮುಗಿಯತಕ್ಕದ್ದಲ್ಲ. ಕೊಂದವನಿಬ್ಬನಿಗೆ ಗೌರವ, ಇನ್ನೊಬ್ಬನಿಗೆ ದಂಡನೆ ಎಂಬುದು ಕಾನೂನಿನ ಮಾತು. ಕೊಲೆಯ ಒಳಗಿರುವ ಭಾವವೇನು, ಆ ಭಾವವನ್ನು ಶರಣಧರ್ಮವು ಹೇಗೆ ಅಳೆಯುತ್ತದೆ ಎಂಬುದು ನಮ್ಮ ಮಾತು. ಅದನ್ನು ಈಗ ಕ್ರಮವಾಗಿ ವಿಚಾರಿಸೋಣ.

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. ಅಮೆರಿಕೆಯ ಅಧ್ಯಕ್ಷಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟನು 1909–10ರಲ್ಲಿ ಪೂರ್ವ ಆಫ್ರಿಕಾದಲ್ಲಿ ಕೈಕೊಂಡ ಯಾತ್ರೆಯು ಇಂತಹ ಬೇಟೆಗಳಲ್ಲಿ ಬಹು ಹೆಸರಾದುದು. ನೂರಾರು ಆಳುಗಳು ತಲೆಯ ಮೇಲೆ ಸಾಮಾನು ಹೊತ್ತು ನಡೆದ ಆ ಯಾತ್ರೆಯಲ್ಲಿ ತಂದೆಮಗ ಇಬ್ಬರೇ ಐನೂರಕ್ಕೂ ಮಿಕ್ಕಿ ದೊಡ್ಡ ಪ್ರಾಣಿಗಳನ್ನು ಹೊಡೆದರು. ವಸ್ತುಸಂಗ್ರಹಾಲಯಕ್ಕೆ ಮಾದರಿಗಳನ್ನು ಕೂಡಿಸುವ ಉದ್ದೇಶವು ಅದಕ್ಕಿತ್ತೆಂಬುದೂ ನಿಜ. ಅದಕ್ಕೂ ಮುಂಚೆ, 1892ರಲ್ಲಿಯೇ, ಯಾವ ಮೃಗದ ಕೊಂಬು ಎಷ್ಟು ಅಂಗುಲ, ಅದನ್ನು ಹೊಡೆದವರಾರು ಎಂದು ದಾಖಲಿಸುವ ಪುಸ್ತಕವು ಲಂಡನ್ನಿನಲ್ಲಿ ಅಚ್ಚಾಗಿತ್ತು. ನಮ್ಮ ಕಾಲಕ್ಕೆ ಬಂದರೆ, 2015ರ ಜುಲೈ ತಿಂಗಳಲ್ಲಿ ಜಿಂಬಾಬ್ವೆ ದೇಶದ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ‘ಸೆಸಿಲ್’ ಎಂದು ಜನರು ಪ್ರೀತಿಯಿಂದ ಕರೆಯುತ್ತಿದ್ದ ಸಿಂಹವನ್ನು ಅಮೆರಿಕೆಯ ದಂತವೈದ್ಯನೊಬ್ಬನು ಬಾಣದಿಂದ ಹೊಡೆದನು. ಅಧ್ಯಯನಕಾರರು ಅದರ ಕೊರಳಿಗೆ ಕಟ್ಟಿದ್ದ ಯಂತ್ರಪಟ್ಟಿ ಇನ್ನೂ ಅಲ್ಲಿಯೇ ಇತ್ತು. ಗಾಯಗೊಂಡ ಸಿಂಹವು ಹಲವು ತಾಸುಗಳ ಕಾಲ ನರಳಿದ ಮೇಲೆ ಅದನ್ನು ಕೊಂದು ಮುಗಿಸಿದರು. ಆ ಒಂದು ಬೇಟೆಗೆ ಅವನು ಸುಮಾರು 50,000 ಡಾಲರುಗಳನ್ನು ತೆತ್ತಿದ್ದನೆಂದು ವರದಿಯಾಯಿತು. ದಕ್ಷಿಣ ಆಫ್ರಿಕಾದಲ್ಲಿಯಂತೂ ಸಿಂಹಗಳನ್ನು ಬೇಲಿಯೊಳಗೆ ಸಾಕಿ ಬೆಳೆಸಿ, ಹಣ ಕೊಟ್ಟವನೆದುರಿಗೆ ಬಿಟ್ಟು ಹೊಡೆಸುವ ವ್ಯಾಪಾರವೇ ಬೆಳೆಯಿತು. ಅನ್ನವಿಕ್ಕಿದ ಕೈಯನ್ನು ನಂಬಿದ ಪ್ರಾಣಿಯನ್ನು ಅದೇ ಅಂಗಳದಲ್ಲಿ ಹೊಡೆಯುವುದನ್ನು ಬೇಟೆಯೆಂದು ಕರೆದರೆ ಬೇಟೆಯೆಂಬ ಮಾತೂ ನಾಚೀತು.

ಇದು ಪರದೇಶದವರ ಕ್ರೌರ್ಯವೆಂದು ನಾವು ಹೆಮ್ಮೆಪಡುವಂತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮೃಗಯೆಯನ್ನು ಅರಸರ ವಿನೋದಗಳಲ್ಲೊಂದಾಗಿ ವಿಸ್ತರಿಸಿ ವರ್ಣಿಸಿದ್ದಾನೆ. ಮೈಸೂರು ನಗರದಲ್ಲಿ ವ್ಯಾನ್ ಇಂಗೆನ್ ಮನೆತನದವರ ಕಾರ್ಖಾನೆಯು 20ನೆಯ ಶತಮಾನದ ಬಹುಭಾಗ ನಡೆಯಿತು. ರಾಜಮಹಾರಾಜರೂ ಬಿಳಿಯ ಅಧಿಕಾರಿಗಳೂ ಕೊಂದ ಮೃಗಗಳ ಚರ್ಮವನ್ನು ಹದಮಾಡಿ, ಒಳಗೆ ತುಂಬಿ, ಗಾಜಿನ ಕಣ್ಣನ್ನಿಟ್ಟು ಜೀವಂತವೆಂಬಂತೆ ನಿಲ್ಲಿಸುವುದು ಅಲ್ಲಿಯ ಕಸುಬು. 1999ರಲ್ಲಿ ಮುಚ್ಚುವ ಮುನ್ನ ಅಲ್ಲಿ ಸಿದ್ಧವಾದ ಹುಲಿ ಚಿರತೆಗಳೇ ನಲವತ್ತು ಸಾವಿರಕ್ಕೂ ಮಿಕ್ಕಿದ್ದುವೆಂದು ಅದರ ಇತಿಹಾಸವನ್ನು ಬರೆದವರು ಲೆಕ್ಕಹಾಕಿದ್ದಾರೆ. 1972ರ ಗಣತಿಯಲ್ಲಿ ಇಡೀ ಭಾರತದಲ್ಲಿ ಉಳಿದಿದ್ದ ಹುಲಿಗಳು 1,827. ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದರೆ ವಿನೋದವೆಂಬ ಶಬ್ದದ ಭಾರವೆಷ್ಟೆಂಬುದು ತಿಳಿಯುತ್ತದೆ. ಅದೇ 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರವು 1973ರಲ್ಲಿ ಹುಲಿಯ ರಕ್ಷಣೆಗೆ ಮೀಸಲಾಯಿತು. ಕರ್ನಾಟಕದಲ್ಲಿ ಈಗ ಸಫಾರಿಯೆಂದರೆ ಮೃಗವನ್ನು ನೋಡಿ ಮರಳುವ ಪ್ರಯಾಣವೆಂದೇ ಅರ್ಥ. 2022ರ ಗಣತಿಯು ನಮ್ಮ ರಾಜ್ಯದಲ್ಲಿ 563 ಹುಲಿಗಳಿವೆಯೆಂದು ತಿಳಿಸಿತು.

ಈಗ ಮುಖ್ಯ ವಿಚಾರಕ್ಕೆ ಬರೋಣ. ಸೋಮೇಶ್ವರನು ಮೃಗಯಾವಿನೋದವನ್ನು ಬರೆಯಿಸಿದ ಅದೇ ಕಲ್ಯಾಣದಲ್ಲಿ, ಒಂದು ತಲೆಮಾರು ಕಳೆಯುವಷ್ಟರಲ್ಲಿ, ಅಣ್ಣ ಬಸವಣ್ಣನವರು ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದೂ ಅದಿಲ್ಲದುದು ಧರ್ಮವೇ ಅಲ್ಲವೆಂದೂ ಸಾರಿದರು. ಬಲಿಗೆಂದು ತಂದ ಕುರಿಯು ತನ್ನ ಸಾವಿಗಾಗಿ ಕಟ್ಟಿದ ತೋರಣದ ತಳಿರನ್ನೇ ಮೇಯುವ ಚಿತ್ರವನ್ನು ಅವರು ತೋರಿದರು. ಮತ್ತೊಂದು ವಚನದಲ್ಲಿ, ಬೇಟೆಗಾರನು ತಂದ ಮೊಲಕ್ಕಾದರೂ ಕೊಳ್ಳುವವರುಂಟು, ನೆಲವನ್ನಾಳಿದ ಅರಸನ ಹೆಣಕ್ಕೆ ಅಷ್ಟು ಬೆಲೆಯೂ ಇಲ್ಲವೆಂಬ ಅಭಿಪ್ರಾಯವನ್ನು ಮುಂದಿಟ್ಟು ಮನುಷ್ಯನ ಬಿಂಕವನ್ನು ಇಳಿಸಿದರು. ಬೇಟೆಯಾಡುವ ಅರಸನನ್ನು ಬೇಟೆಗೆ ಸಿಕ್ಕ ಮೊಲದ ಪಕ್ಕದಲ್ಲಿ ಮಲಗಿಸಿ ತೂಗಿದ ತಕ್ಕಡಿಯದು. ಆಸ್ಥಾನದ ವಿನೋದವನ್ನು ಇದಕ್ಕಿಂತ ಹೆಚ್ಚಾಗಿ ಪ್ರಶ್ನಿಸಲು ಸಾಧ್ಯವೇ?

ಆದರೆ ದಯೆಯೆಂಬುದು ಕೇವಲ ಮರುಕವೆಂದು ತಿಳಿದರೆ ನಾವು ಅರ್ಧದಾರಿಯಲ್ಲಿಯೇ ನಿಂತಂತೆ. ಶರಣರು ಸುಖಕ್ಕೆ ಒಂದು ಒರೆಗಲ್ಲನ್ನು ಕೊಟ್ಟಿದ್ದಾರೆ. ಅದಕ್ಕೆ ಅರ್ಪಿತವೆಂದು ಹೆಸರು. ಲಿಂಗವಂತನು ತನಗೆ ಬಂದ ಯಾವ ಸುಖವನ್ನೂ ಲಿಂಗಕ್ಕೆ ಸಲ್ಲಿಸದೆ ಭೋಗಿಸಲಾರನು. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ಅದರ ರುಚಿ ಪ್ರಾಣಲಿಂಗಕ್ಕೆ, ಅದರಿಂದಾದ ತೃಪ್ತಿ ಭಾವಲಿಂಗಕ್ಕೆ ಸಲ್ಲಬೇಕು. ಸಲ್ಲಿಸಿ ಉಳಿದುದು ಪ್ರಸಾದ. ಸಲ್ಲಿಸದೆ ಉಂಡುದು ಅನರ್ಪಿತ. ಉಣ್ಣುವ ರೊಟ್ಟಿಯಿಂದ ಮೊದಲುಗೊಂಡು ಕೇಳುವ ಹಾಡಿನವರೆಗೆ, ಗೃಹಸ್ಥನ ಎಲ್ಲ ಸುಖಗಳೂ ಈ ಬಾಗಿಲನ್ನು ಹಾಯ್ದೇ ಒಳಗೆ ಬರಬೇಕು. ಸುಖವನ್ನು ಬಿಡಿರೆಂದು ಹೇಳದೆ ಅರ್ಪಿಸಿರೆಂದು ಹೇಳಿದುದು ಶರಣಧರ್ಮದ ಹಿರಿಮೆ.

ಈ ಒರೆಗಲ್ಲಿಗೆ ಬೇಟೆಯ ಸುಖವನ್ನು ತಿಕ್ಕಿ ನೋಡೋಣ. ಅದರ ರೂಪವಾವುದು? ಬಿದ್ದ ಮೃಗದ ದೇಹ. ಅದರ ರುಚಿಯಾವುದು? ಮಾಂಸದ ರುಚಿಯಂತೂ ಅಲ್ಲ. ಸಾವಿರಾರು ಹರದಾರಿಗಳಿಂದ ಹಾರಿಬಂದವನು ಸಿಂಹದ ಮಾಂಸವನ್ನು ತಿನ್ನಲು ಬಂದಿರುವುದಿಲ್ಲ. ಒಂದು ಕ್ಷಣದ ಹಿಂದೆ ಓಡುತ್ತಿದ್ದ ಪ್ರಾಣವು ತನ್ನ ಬೆರಳಿನ ಅಲುಗಾಟದಿಂದ ನಿಂತುಹೋಯಿತಲ್ಲಾ ಎಂಬ ಪುಳಕವೇ ಅದರ ರುಚಿ. ಈ ರುಚಿಯು ಪ್ರಾಣಲಿಂಗಕ್ಕೆ ಸಲ್ಲಬೇಕು. ತನ್ನ ಪ್ರಾಣವನ್ನೇ ಲಿಂಗವೆಂದು ಅರಿತವನು, ಇನ್ನೊಂದು ಪ್ರಾಣವನ್ನು ನಂದಿಸಿದ ರುಚಿಯನ್ನು ಆ ಪ್ರಾಣಲಿಂಗದ ಮುಂದೆ ಹೇಗೆ ಹಿಡಿದಾನು? ದೀಪವನ್ನು ಆರಿಸಿ ಅದರ ಹೊಗೆಯಿಂದ ದೀಪಕ್ಕೆ ಆರತಿ ಎತ್ತಿದಂತಾದೀತು. ಇನ್ನು ತೃಪ್ತಿಯ ಮಾತು. ಕೊಂಬನ್ನು ಅಂಗುಲದಲ್ಲಿ ಅಳೆದು ಪುಸ್ತಕದಲ್ಲಿ ಬರೆಯಿಸಿದವನಿಗೆ ಮುಂದಿನ ವರ್ಷ ಒಂದಂಗುಲ ಹೆಚ್ಚಿನ ಕೊಂಬು ಬೇಕು. ಅಳತೆಗೆ ಸಿಕ್ಕ ತೃಪ್ತಿಗೆ ಕೊನೆಯಿಲ್ಲ. ಕೊನೆಯಿಲ್ಲದುದು ತೃಪ್ತಿಯೇ ಅಲ್ಲ. ಹೀಗೆ ರೂಪು, ರುಚಿ, ತೃಪ್ತಿಗಳೆಂಬ ಮೂರು ಬಾಗಿಲುಗಳಲ್ಲಿಯೂ ಈ ಸುಖವು ತಡೆಯಲ್ಪಡುತ್ತದೆ. ಬೇಟೆಯ ವಿನೋದವು ಏಕೆ ತಪ್ಪೆಂದು ಯಾರಾದರೂ ಕೇಳಿದರೆ, ಅದು ಅರ್ಪಿಸಲಾಗದ ಸುಖವಾದುದರಿಂದ ತಪ್ಪೆಂದು ಲಿಂಗವಂತನು ಉತ್ತರಕೊಡಬೇಕು.

ಇಲ್ಲಿ ಶಂಕೆಯೊಂದು ಹುಟ್ಟುತ್ತದೆ. ಪುರಾತನರಲ್ಲಿ ಅಗ್ರಗಣ್ಯನಾದ ಬೇಡರ ಕಣ್ಣಪ್ಪನು ಬೇಟೆಗಾರನೇ ಅಲ್ಲವೆ? ಹರಿಹರ ಮಹಾಕವಿಯು ಅವನ ಭಕ್ತಿಯನ್ನು ರಗಳೆಯಲ್ಲಿ ಹಾಡಲಿಲ್ಲವೆ? ಕಾಳಹಸ್ತಿಯ ಶಿವನು ಅವನು ತಂದ ಮಾಂಸವನ್ನು ಕೈಕೊಳ್ಳಲಿಲ್ಲವೆ? ಶಂಕೆ ನ್ಯಾಯವಾದುದೇ. ಆದರೆ ಕಥೆಯನ್ನು ಕೊನೆಯವರೆಗೆ ಓದಬೇಕು. ಕಣ್ಣಪ್ಪನಿಗೆ ಬೇಟೆಯು ಕುಲದ ಬಾಳುವೆ, ಹೊಟ್ಟೆಯ ದಾರಿ. ಅವನು ಮೃಗದ ತಲೆಯನ್ನು ಗೋಡೆಗೆ ತೂಗುಹಾಕಲಿಲ್ಲ. ತಾನು ಉಣ್ಣುವುದರಲ್ಲಿ ಮೇಲಾದುದನ್ನು ಆಯ್ದು, ರುಚಿ ನೋಡಿ, ಶಿವನಿಗೆ ಇಟ್ಟನು. ಅರ್ಪಿತದ ಶಾಸ್ತ್ರವನ್ನು ಅರಿಯದವನೇ ಅರ್ಪಿತವನ್ನು ನಡೆಸಿದನು. ಮುಂದೆ ಶಿವನ ಕಣ್ಣಿನಲ್ಲಿ ನೆತ್ತರು ಹರಿದುದನ್ನು ಕಂಡಾಗ, ಅದುವರೆಗೆ ಮೃಗದ ಕಡೆಗೆ ತಿರುಗಿದ್ದ ಬಾಣದ ಮೊನೆಯು ಅವನ ಸ್ವಂತ ಕಣ್ಣಿನ ಕಡೆಗೆ ತಿರುಗಿತು. ಕಣ್ಣಪ್ಪನನ್ನು ಲೋಕವು ನೆನೆಯುತ್ತಿರುವುದು ಅವನು ಹೊಡೆದ ಹಂದಿಗಳ ಲೆಕ್ಕದಿಂದಲ್ಲ, ಕಿತ್ತುಕೊಟ್ಟ ಕಣ್ಣಿನಿಂದ. ಹ್ವಾಂಗೆಯ ಅಂಚಿನಲ್ಲಿ ಬಿಟ್ಟುದೂ ಬಾಣವೇ, ಕಾಳಹಸ್ತಿಯಲ್ಲಿ ಹಿಡಿದುದೂ ಬಾಣವೇ. ಮೊನೆಯು ಯಾವ ಕಡೆಗಿತ್ತೆಂಬುದೇ ಭೇದ.

ಆದುದರಿಂದ ಕಾಡನ್ನೇ ನಂಬಿ ಬದುಕುವ ಜನರನ್ನು ಈ ವಿಚಾರದಲ್ಲಿ ಎಳೆದುತಂದು ನಿಂದಿಸಬಾರದು. ಟಾಂಜಾನಿಯಾದ ಏಯಾಸಿ ಸರೋವರದ ಸುತ್ತಿನಲ್ಲಿರುವ ಹಾಡ್ಜಾ ಜನರು ಬಿಲ್ಲುಬಾಣಗಳಿಂದ ಬೇಟೆಯಾಡಿ, ಬೇರುಬಿಕ್ಕೆಗಳನ್ನಗೆದು, ಜೇನನ್ನು ಇಳಿಸಿ ಬದುಕಿದವರು. ಅವರ ಬಾಣಕ್ಕೂ ಹಣವಂತನ ಬಂದೂಕಿಗೂ ಹೋಲಿಕೆಯಿಲ್ಲ. ಆದರೆ ಇತಿಹಾಸದ ವೈಪರೀತ್ಯವನ್ನು ನೋಡಿರಿ: ಬಿಳಿಯರ ಆಳಿಕೆ ಬಂದಾಗ ಆಫ್ರಿಕಾದ ಹಲವೆಡೆ ಹೊಟ್ಟೆಗಾಗಿ ಹೊಡೆದ ಸ್ಥಳೀಯನು ಕಳ್ಳಬೇಟೆಗಾರನೆನಿಸಿದನು, ಪರವಾನಿಗೆ ಪಡೆದು ವಿನೋದಕ್ಕಾಗಿ ಹೊಡೆದವನು ಸಭ್ಯನೆನಿಸಿದನು. ನಮ್ಮ ವೃದ್ಧ ಭಕ್ತರ ಪ್ರಶ್ನೆಯಲ್ಲಿದ್ದ ನೋವು ಅಲ್ಲಿಯೂ ಇದೆ.

ಎರಡನೆಯ ಶಂಕೆ ಶೌರ್ಯದ್ದು. ಸಿಂಹದ ಎದುರಿಗೆ ನಿಲ್ಲುವುದು ವೀರತ್ವವಲ್ಲವೇ, ವೀರಶೈವರೆನಿಸಿದ ನಾವು ವೀರವನ್ನು ಹಳಿಯಬಹುದೇ ಎಂದು ಕೇಳುವವರುಂಟು. ಕನ್ನಡ ನಾಡು ವೀರವನ್ನು ಹೇಗೆ ಗೌರವಿಸಿತೆಂಬುದಕ್ಕೆ ನಮ್ಮ ಊರೂರಿನ ವೀರಗಲ್ಲುಗಳೇ ಸಾಕ್ಷಿ. ತುರುಗಳನ್ನು ಕಾಯಲು, ಊರನ್ನು ಉಳಿಸಲು, ಮೇಲೆ ಬಿದ್ದ ಹುಲಿಯನ್ನು ತಡೆಯಲು ಹೋಗಿ ತಾನು ಸತ್ತವನಿಗೆ ಕಲ್ಲು ನಿಂತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಸುಮಾರು 949ನೆಯ ಇಸವಿಯ ಶಾಸನವು ಇದಕ್ಕೊಂದು ಅಪೂರ್ವ ನಿದರ್ಶನ. ಗಂಗರ ಬೂತುಗನು ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕೆಂದು ಕೇಳಲು, ಮಣಲೇರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ಆಗ ದೇವಾಲಯದ ಎದುರಿನಲ್ಲಿ ನಾಯಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಯನ್ನು ಕಟ್ಟಳೆಮಾಡಿದರು. ಅದೂ ಬೇಟೆಯೇ, ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಕಲ್ಲು ನೆನೆಯುವುದು ಪ್ರಾಣ ತೆತ್ತ ಜೀವವನ್ನು. ಸಫಾರಿಯ ಗೋಡೆಯು ನೆನೆಯಿಸುವುದು ಪ್ರಾಣ ತೆಗೆದವನನ್ನು. ಕೊಟ್ಟವನ ಗುರುತು ವೀರಗಲ್ಲು. ಕಿತ್ತುಕೊಂಡವನ ಗುರುತು ಗೋಡೆಯ ಮೇಲಿನ ತಲೆ. ಮೋಟಾರಿನಲ್ಲಿ ಕುಳಿತು, ದಾರಿ ತೋರುವವರನ್ನು ಮುಂದಿಟ್ಟುಕೊಂಡು, ದೂರದಿಂದ ಗುಂಡು ಹಾರಿಸುವವನಲ್ಲಿ ಯಾವ ವೀರವಿದೆಯೆಂಬುದನ್ನು ಓದುಗರೇ ವಿಚಾರಿಸಲಿ.

ಮೂರನೆಯ ಶಂಕೆಯೇ ಬಲವಾದುದು. ಅದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಬೇಟೆಯ ಹಣದಿಂದ ಮೃಗಗಳಿಗೇ ರಕ್ಷಣೆಯಾಗುತ್ತದೆಂದು ತಿಳಿದವರು ಕೆಲವರು ವಾದಿಸುತ್ತಾರೆ. ಜಿಂಬಾಬ್ವೆಯಲ್ಲಿ 1989ರಿಂದ ನಡೆದ ಯೋಜನೆಯೊಂದರಲ್ಲಿ ಬೇಟೆಯ ಶುಲ್ಕದ ಪಾಲು ಕಾಡಂಚಿನ ಹಳ್ಳಿಗಳಿಗೆ ಸಂದಿತು. ಆನೆಯಿಂದ ಬೆಳೆ ಕಳೆದುಕೊಳ್ಳುವ ಬಡವನಿಗೆ ಆನೆಯಿಂದ ನಾಲ್ಕು ಕಾಸು ಬಂದರೆ ಅವನು ಆನೆಯನ್ನು ಸಹಿಸುತ್ತಾನೆ, ಇಲ್ಲವಾದರೆ ವಿಷವಿಡುತ್ತಾನೆಂಬುದು ವಾದದ ತಿರುಳು. ಕೆನ್ಯಾ ದೇಶವು 1977ರಲ್ಲಿ ಬೇಟೆಯನ್ನು ಸಂಪೂರ್ಣ ನಿಷೇಧಿಸಿತು. ಆದರೂ ಅಲ್ಲಿ ಮೃಗಗಳ ಸಂಖ್ಯೆಯು ಆಮೇಲಿನ ದಶಕಗಳಲ್ಲಿ ಬಹಳ ಇಳಿಯಿತು. ಹುಲ್ಲುಬಯಲು ಹೊಲವಾಯಿತು, ದನಕುರಿಗಳು ಹೆಚ್ಚಿದುವು, ಬೇಲಿಗಳು ಬಂದುವು. ಬೇಟೆಯನ್ನು ನಿಲ್ಲಿಸಿದ ಮಾತ್ರಕ್ಕೆ ಮೃಗವು ಉಳಿಯುವುದೆಂಬ ನಿಶ್ಚಯವಿಲ್ಲ. ಇದು ಸತ್ಯ, ಸತ್ಯವನ್ನು ಮುಚ್ಚಿ ಸಾಧಿಸಿದ ಧರ್ಮವು ಧರ್ಮವಾಗದು.

ಆದರೂ ಈ ವಾದದಲ್ಲಿ ಎರಡು ಲೆಕ್ಕಗಳು ಬೆರೆತಿವೆ. ಮೊದಲನೆಯದು ರಾಜ್ಯದ ಲೆಕ್ಕ: ಎಷ್ಟು ಮೃಗ ಉಳಿಯಿತು, ಎಷ್ಟು ಹಣ ಬಂದಿತು. ಎರಡನೆಯದು ಅಂಗದ ಲೆಕ್ಕ: ಕೊಂದವನು ಏನಾದನು? ಮೊದಲನೆಯದರಲ್ಲಿ ಲಾಭವಿದ್ದರೂ ಎರಡನೆಯದರ ನಷ್ಟವು ತುಂಬಿಬರುವುದಿಲ್ಲ. ಹಣವು ಒಳ್ಳೆಯ ಕೆಲಸಕ್ಕೆ ಹೋಯಿತೆಂಬುದರಿಂದ ಅದನ್ನು ತಂದ ಸುಖವು ಶುದ್ಧವಾಗದು. ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ನೆನೆಯಿರಿ. ಮಾರಯ್ಯಗಳು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಮಹಾತಾಯಿಯು ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಕಳುಹಿದರು. ಆ ಅಕ್ಕಿಯೂ ದಾಸೋಹಕ್ಕೇ ಸಲ್ಲುತ್ತಿತ್ತು, ಜಂಗಮರ ಎಡೆಗೇ ಬೀಳುತ್ತಿತ್ತು. ಆದರೂ ಆಸೆಯ ಸೋಂಕಿದ ಅಕ್ಕಿ ಅರ್ಪಿತಕ್ಕೆ ಸಲ್ಲದೆಂದು ಆಕೆ ಅರಿತಿದ್ದರು. ಹಿಡಿಯಷ್ಟು ಅಕ್ಕಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ನಡೆದ ಪರಂಪರೆಯು, ಕೊಲೆಯ ಪುಳಕದಿಂದ ಬಂದ ಹಣವನ್ನು ಪುಣ್ಯದ ಖಾತೆಗೆ ಬರೆದುಕೊಂಡೀತೇ? ಮೃಗವನ್ನು ಉಳಿಸುವ ಮನಸ್ಸು ನಿಜವಾಗಿದ್ದರೆ, ಆ 50,000 ಡಾಲರುಗಳನ್ನು ಬಾಣವಿಲ್ಲದೆಯೂ ಕೊಡಬಹುದಿತ್ತು. ಬಾಣದ ಹೊರತು ಹಣವಿಲ್ಲವೆಂಬಲ್ಲಿ ಕೊಟ್ಟುದು ದಾನವಲ್ಲ, ಬೆಲೆ.

ಇಷ್ಟು ಹೇಳಿದ ಮೇಲೆ ವೃದ್ಧ ಭಕ್ತರ ಮುಂದೆ ನಾವು ತಲೆಯೆತ್ತಿ ನಿಲ್ಲಬಲ್ಲೆವೇ? ಅವರ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ ಬಂದಿದೆ. ಹಣ ಕೊಟ್ಟು ಸಿಂಹವನ್ನು ಕೊಂದವನ ಸುಖವು ಅನರ್ಪಿತವೆಂದಾಯಿತು. ತನ್ನ ಗೋವಿನಜೋಳವನ್ನು ಬೆಳಗಾಗುವಷ್ಟರಲ್ಲಿ ಕಳೆದುಕೊಂಡವರ ಗತಿಯೇನು?

ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಘೋಷಿತವಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರು. ಚಿಗರಿಯು ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಅದಕ್ಕೆ ಬೇಕಾದುದು ಹುಲ್ಲು. ಆ ನೆಲದ ಬಹುಭಾಗದಲ್ಲಿ ನಾವು ನೆಟ್ಟುದು ನೀಲಗಿರಿ. ಅತ್ತ ಊರೂರಿನ ಗೋಮಾಳಗಳು ಸವೆದು ಹೊಲಗಳಾದುವು. ಮೇಯಲು ಹುಲ್ಲಿಲ್ಲದ ಮೃಗವು ಹಸುರಾಗಿ ಕಂಡ ಪೈರಿಗೆ ಬಾಯಿಡುತ್ತದೆ. ಅದಕ್ಕೆ ಮೇರೆಯ ಕಲ್ಲೂ ತಿಳಿಯದು, ಪಹಣಿಯೂ ತಿಳಿಯದು. ಕಾಯಿದೆಯು ಅದನ್ನು ಮೊದಲನೆಯ ಪಟ್ಟಿಯಲ್ಲಿಟ್ಟು ಕಾಯುತ್ತದೆ, ಅದು ಸರಿಯೇ. ಆದರೆ ಕಾಯುವ ವೆಚ್ಚವನ್ನು ಯಾರು ಹೊರುತ್ತಿದ್ದಾರೆ? ಪಟ್ಟಣದಲ್ಲಿ ಕುಳಿತು ಚಿಗರಿಯ ಚಿತ್ರವನ್ನು ನೋಡಿ ಸಂತೋಷಪಡುವ ನಾವು ಹೊರುತ್ತಿಲ್ಲ. ಮಳೆ ತಡವಾದ ವರ್ಷ ಎರಡು ಸಲ ಬಿತ್ತಿ, ಸಾಲದ ಗೊಬ್ಬರ ಹಾಕಿ, ರಾತ್ರಿಯೆಲ್ಲ ಹೊಲದಲ್ಲಿ ಡಬ್ಬಿ ಬಾರಿಸುತ್ತ ಕೂಡ್ರುವ ಒಕ್ಕಲಿಗನು ಹೊರುತ್ತಿದ್ದಾನೆ. ಸರಕಾರದ ಪರಿಹಾರವೆಂಬುದುಂಟು, ಆದರೆ ನಿದ್ದೆಗೆಟ್ಟ ರಾತ್ರಿಗಳಿಗೆ ಪರಿಹಾರವಿಲ್ಲ.

ಇನ್ನೊಬ್ಬನ ಹೊಲದ ಮೇಲೆ ದಯೆಯನ್ನು ಬಿತ್ತುವುದು ಬಹು ಸುಲಭ. ಜೀವದಯೆಯನ್ನು ಬೋಧಿಸುವ ನಾವು ಆ ದಯೆಯ ಬೆಲೆಯಲ್ಲಿ ನಮ್ಮ ಪಾಲನ್ನು ತೆರದಿದ್ದರೆ, ನಮ್ಮ ದಯೆಯೂ ಒಂದು ವಿನೋದವೇ, ಅದೂ ಅನರ್ಪಿತವೇ. ಈ ಮಾತನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ, ಏಕೆಂದರೆ ಅಂದು ಸಭೆಯಲ್ಲಿ ನಕ್ಕವರಲ್ಲಿ ನಾನೂ ಒಬ್ಬ.

ಹಾಗಾದರೆ ಮಾಡತಕ್ಕದ್ದೇನು? ದಾಸೋಹವೆಂಬುದು ಅನ್ನದ ಪಂಕ್ತಿಗೆ ಮಾತ್ರ ಸೀಮಿತವಾದುದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದಾಗ ಅದರ ನೀರು ಮನುಷ್ಯನಿಗಷ್ಟೇ ಮೀಸಲಾಗಲಿಲ್ಲ. ನೀರಡಿಸಿದ ಯಾವ ಜೀವವೂ ಅಲ್ಲಿ ಬಾಯಿಡಬಹುದಾಗಿತ್ತು. ಅಂತಹ ದೃಷ್ಟಿಯಿಂದ ನಮ್ಮ ಗ್ರಾಮಗಳು ಉಳಿದ ಗೋಮಾಳವನ್ನು ಗೋಮಾಳವಾಗಿಯೇ ಉಳಿಸಿಕೊಳ್ಳಬಹುದು. ಅಂಚಿನ ಹೊಲದವನ ಬೇಲಿಗೆ ಊರೆಲ್ಲ ಕೂಡಿ ಕೈಯಿಕ್ಕಬಹುದು. ಬೆಳೆ ಕಳೆದುಕೊಂಡವನ ಪರಿಹಾರದ ಅರ್ಜಿಯನ್ನು ಓದುಬರಹ ಬಲ್ಲ ತರುಣರು ತಮ್ಮ ಕಾಯಕವೆಂದು ಬರೆದುಕೊಡಬಹುದು. ಮಠದ ಜಾತ್ರೆಯಲ್ಲಿ ಕೂಡಿದ ಕಾಣಿಕೆಯ ಒಂದು ಪಾಲು ಅಂಥವನ ಮನೆಯ ಬೀಜಕ್ಕೆ ಸಲ್ಲಬಹುದು. ಆಗ ಚಿಗರಿಯು ಮೇಯ್ದುದನ್ನು ಊರೇ ಬಡಿಸಿದಂತಾಗುತ್ತದೆ. ಒಬ್ಬನ ನಷ್ಟವು ಎಲ್ಲರ ಅರ್ಪಿತವಾಗುತ್ತದೆ. ಬೇಟೆಗಾರನು ತನ್ನ ಸುಖವನ್ನು ಅರ್ಪಿಸಲಾರನು. ಒಕ್ಕಲಿಗನು ತನ್ನ ದುಃಖವನ್ನು ಅರ್ಪಿಸಬಲ್ಲನು. ಆದರೆ ಅದನ್ನು ಅವನೊಬ್ಬನೇ ಹೊತ್ತುತರಬೇಕೆಂದು ಬಿಟ್ಟರೆ ನಾವು ಭಕ್ತರಲ್ಲ.

ಆ ಭಕ್ತರಿಗೂ ಒಂದು ಮಾತನ್ನು ವಿನಯಪೂರ್ವಕವಾಗಿ ಅರಿಕೆಮಾಡಬೇಕು. ಬೆಳೆಯನ್ನು ಕಾಯುವುದು ನಿಮ್ಮ ಕಾಯಕ; ಚಿಗರಿಯನ್ನು ಬೆದರಿಸಿ ಓಡಿಸುವುದರಲ್ಲಿ ದೋಷವಿಲ್ಲ. ಆದರೆ ಓಡಿಸುವ ಕೈಗೆ ಹೊಡೆಯುವ ರುಚಿ ಹತ್ತದಂತೆ ನೋಡಿಕೊಳ್ಳಬೇಕು. ಅಗತ್ಯವೆಂದು ಕೋಲನ್ನು ಹಿಡಿದ ಕೈಯು ಆಟವೆಂದು ಕಲ್ಲನ್ನು ಬೀಸಲು ಬಹಳ ದಿನ ಬೇಕಾಗುವುದಿಲ್ಲ. ಆಫ್ರಿಕಾದ ಬಯಲಿನ ಸಫಾರಿಯು ಅಲ್ಲಿಂದಲೇ ಆರಂಭವಾಗುವುದು.

2023ರ ಮಳೆಗಾಲದಲ್ಲಿ ಸವಣೂರಿನ ಆ ಮೂರು ಮರಗಳಲ್ಲಿ ಒಂದು ಗಾಳಿಮಳೆಗೆ ಸಿಕ್ಕು ಬುಡಸಮೇತ ಉರುಳಿತು. ಬಿದ್ದ ಮರವು ಕಟ್ಟಿಗೆಯೆಂದು ಯಾರೂ ಕೊಡಲಿ ಎತ್ತಲಿಲ್ಲ. ಅದನ್ನು ಮತ್ತೆ ಎತ್ತಿ ನೆಟ್ಟು ನಿಲ್ಲಿಸುವ ಪ್ರಯತ್ನ ನಡೆಯಿತು. ದೂರದ ಖಂಡದ ಮರವೊಂದು ಬಿದ್ದರೆ ಎತ್ತಲು ಕೈಗಳು ಕೂಡಿಬಂದ ನಾಡಿದು. ಬಿದ್ದುದನ್ನು ಎತ್ತುವುದರಲ್ಲಿಯೂ ಒಂದು ಪುಳಕವುಂಟು. ಅದರ ರೂಪು, ರುಚಿ, ತೃಪ್ತಿಗಳು ಮೂರೂ ಯಾವ ಅಳುಕೂ ಇಲ್ಲದೆ ಲಿಂಗಕ್ಕೆ ಸಲ್ಲುತ್ತವೆ. ನಿತ್ಯವೂ ಲಿಂಗವು ಬಂದು ಕುಳಿತುಕೊಳ್ಳುವ ನಮ್ಮ ಅಂಗೈಯು ಯಾವ ಸುಖವನ್ನು ಹಿಡಿದು ಅದರೆದುರು ಚಾಚಬೇಕೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಪೂಜೆಯ ಹೊತ್ತಿನಲ್ಲಿ ತನ್ನನ್ನು ತಾನು ಕೇಳಿಕೊಳ್ಳಲಿ.